ಖಾಲಿ ಮಿಸ್

ಮೂವತ್ತೊಂದು.

ಹೆಡ್‌ಮೇಡಂ ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ಅವಳ ಕಡೆಗೆ ತಳ್ಳಿದರು. ಬಾಯಲ್ಲಿ ಹೇಳುವುದಕ್ಕೆ ಅವರಿಗೂ ಮನಸ್ಸಾಗಲಿಲ್ಲ. ಮೇಲೆ ಅವಳ ಹೆಸರು, ಕೆಳಗೆ 'ಗಣಿತ, ಏಳನೇ ತರಗತಿ', ಅದರ ಕೆಳಗೆ 'ಶಿಕ್ಷಕರ ಪರಿಣಾಮ ಸೂಚ್ಯಂಕ', ಪಕ್ಕದಲ್ಲಿ ದಪ್ಪಕ್ಷರದಲ್ಲಿ ಆ ಅಂಕಿ. ನಲವತ್ತಕ್ಕಿಂತ ಕೆಳಗಿಳಿದವರನ್ನು ತರಗತಿಯಿಂದ ತೆಗೆದು ಮರುತರಬೇತಿಗೆ ಕಳಿಸುವುದು ಇಲಾಖೆಯ ಹೊಸ ನಿಯಮ. ಮರುತರಬೇತಿಗೆ ಹೋದವರು ಮತ್ತೆ ಶಾಲೆಗೆ ಬಂದದ್ದನ್ನು ಈವರೆಗೆ ಕಂಡವರಿಲ್ಲ.

"ಹನ್ನೊಂದು ವರ್ಷ," ಎಂದಳು ಅವಳು. "ಹನ್ನೊಂದು ವರ್ಷ ಇದೇ ಕಟ್ಟಡದಲ್ಲಿ ಗಂಟಲು ಹರ್ಕೊಂಡಿದ್ದೀನಿ. ನನಗೆ ಮೂವತ್ತೊಂದಾ?"

"ನೋಡಮ್ಮಾ, ನನ್ನ ಮೇಲೆ ಕೂಗಾಡಿದ್ರೆ ಅಂಕಿ ಮೇಲೇರುತ್ತಾ?"

ಹೆಡ್‌ಮೇಡಂ ಕೆಟ್ಟವರಲ್ಲ. ಹನ್ನೊಂದು ವರ್ಷದ ಹಿಂದೆ ಇವಳು ಕೆಲಸಕ್ಕೆ ಸೇರಿದಾಗ ಪಕ್ಕದ ತರಗತಿಯಲ್ಲಿ ಭಾಷೆಯ ಪಾಠ ಮಾಡುತ್ತಿದ್ದರು. ಮೊದಲ ವಾರ ಇವಳು ಸ್ಟಾಫ್‌ರೂಮಿನ ಬಾಗಿಲ ಹಿಂದೆ ನಿಂತು ಅಳುತ್ತಿದ್ದಾಗ ಕರವಸ್ತ್ರ ಕೊಟ್ಟು, ಗಂಟೆ ಹೊಡೆದ ಕೂಡಲೇ ತರಗತಿಯೊಳಗೆ ದಬ್ಬಿದವರು. ಅದಕ್ಕೇ ಇವಳನ್ನು ಈಗಲೂ ನೀನು ಎನ್ನುತ್ತಾರೆ. ಅದಕ್ಕೇ ಇವಳೂ ಅವರ ಮುಂದೆ ಬಾಯಿಗೆ ಬಂದದ್ದನ್ನು ಆಡುತ್ತಾಳೆ. ಮಕ್ಕಳಂತೂ ಇವಳಿಗೆ ಇಟ್ಟಿರುವ ಹೆಸರೇ ಉರಿ ಮಿಸ್. ಅದು ಅವಳಿಗೂ ಗೊತ್ತು. ಬೋರ್ಡಿನ ಕಡೆ ತಿರುಗಿ ಒಂದಿಷ್ಟು ನಕ್ಕದ್ದೂ ಉಂಟು.

"ಸಿ ಸೆಕ್ಷನ್ ತಿಂದು ಹಾಕಿದೆ ಮೇಡಂ ನಿಮ್ಮನ್ನ," ಎಂದರು ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಗುಮಾಸ್ತರು, ಪರದೆಯಿಂದ ಕಣ್ಣು ತೆಗೆಯದೆ. "ಎ, ಬಿ ಎರಡನ್ನೇ ಹಿಡಿದ್ರೆ ಐವತ್ತೆರಡು ಬರುತ್ತೆ. ಸಿ ಸೇರಿಸಿದ ತಕ್ಷಣ ದಬಕ್ಕಂತ ಮೂವತ್ತೊಂದು."

ಸಿ. ಅವಳ ಮೈಯೆಲ್ಲ ಉರಿದುಹೋಯಿತು.

ಏಳನೇ ಸಿ ವಿಭಾಗಕ್ಕೆ ಎರಡು ವರ್ಷದಲ್ಲಿ ಏಳು ಜನ ಗಣಿತ ಟೀಚರುಗಳು ಬಂದಿದ್ದರು, ಏಳು ಜನವೂ ಹೋಗಿದ್ದರು. ಒಬ್ಬ ವಿಮೆ ಮಾರುವ ಕೆಲಸಕ್ಕೆ ಹೋದ. ಒಬ್ಬಳನ್ನು ದೊಡ್ಡ ಕಾಂಪೌಂಡಿನ ಖಾಸಗಿ ಶಾಲೆಯವರು ಎತ್ತಿಕೊಂಡು ಹೋದರು. ಇಲ್ಲಿ ಕಲಿತದ್ದನ್ನೆಲ್ಲ ಅಲ್ಲಿ ಉಣಬಡಿಸುತ್ತಿದ್ದಾಳಂತೆ. ಇನ್ನೊಬ್ಬಳು ಎರಡನೇ ದಿನ ಮಧ್ಯಾಹ್ನ ಕೈ ತೊಳೆದು ಬರುತ್ತೇನೆಂದು ಹೋದವಳು ಊಟದ ಡಬ್ಬಿಯನ್ನೂ ಬಿಟ್ಟು ಕೈ ತೊಳೆದುಕೊಂಡುಬಿಟ್ಟಳು. ಈ ವರ್ಷ ಶಾಲೆ ಶುರುವಾದಾಗ ಎಂಟನೆಯವರು ಬರಲೇ ಇಲ್ಲ. ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಸಿ ವಿಭಾಗದ ಆರು ಗಣಿತ ಪೀರಿಯಡ್ಡುಗಳ ಎದುರು ಗುಮಾಸ್ತರು 'ಖಾಲಿ' ಎಂದು ಟೈಪು ಮಾಡಿದ್ದರು.

ಮೂರನೇ ದಿನ ಎರಡು ಜಡೆಯ ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ಅವಳನ್ನು ತಡೆದು ನಿಲ್ಲಿಸಿದಳು. ಬೇರೆ ಶಾಲೆಯಿಂದ ಆಗಷ್ಟೇ ಬಂದವಳು.

"ಮಿಸ್, ಖಾಲಿ ಮಿಸ್ ಯಾವಾಗ ಬರ್ತಾರೆ?"

"ಯಾರು?"

"ಖಾಲಿ ಮಿಸ್. ನಮಗೆ ಲೆಕ್ಕ ಅವರೇ ತಾನೆ? ಪಟ್ಟೀಲಿ ಹಾಕಿದ್ದಾರೆ. ಮೂರು ದಿನದಿಂದ ಹೋಂವರ್ಕ್ ಪುಸ್ತಕ ತರ್ತಾ ಇದ್ದೀನಿ, ಅವರಿಗೆ ಹುಷಾರಿಲ್ವಾ?"

ಹಿಂದೆ ನಿಂತಿದ್ದ ಹುಡುಗರು ಬಿದ್ದು ಬಿದ್ದು ನಕ್ಕರು. ಆ ಹುಡುಗಿಯ ಮುಖ ಕೆಂಪಗಾಯಿತು, ಆದರೆ ಪುಸ್ತಕವನ್ನು ಎದೆಗವಚಿಕೊಂಡು ಹಾಗೇ ನಿಂತಿದ್ದಳು, ಉತ್ತರ ಸಿಗುವ ತನಕ ಕದಲುವುದಿಲ್ಲ ಎನ್ನುವಂತೆ. ಉರಿ ಮಿಸ್ ಸೀದಾ ವೇಳಾಪಟ್ಟಿಯ ಮುಂದೆ ಹೋಗಿ, ತನಗೆ ಬಿಡುವಿದ್ದ ಮಂಗಳವಾರದ ಒಂದು ಪೀರಿಯಡ್ಡು, ಗುರುವಾರದ ಒಂದು ಪೀರಿಯಡ್ಡು ಹುಡುಕಿ, ಕೆಂಪು ಪೆನ್ನಿನಿಂದ ಎರಡು 'ಖಾಲಿ'ಗಳನ್ನು ಹೊಡೆದು ತನ್ನ ಹೆಸರು ಬರೆದಳು. ದಯೆ ದಾಕ್ಷಿಣ್ಯ ಯಾವುದೂ ಅಲ್ಲ. ಸಿಟ್ಟಿಗೆ ಬರೆದದ್ದು.

ಅಂದಿನಿಂದ ವಾರಕ್ಕೆ ಎರಡು ಸಲ ನಲವತ್ತಮೂರು ಮಕ್ಕಳ ಮುಂದೆ ನಿಂತಳು. ಭಿನ್ನರಾಶಿಯಿಂದಲೇ ಶುರುಮಾಡಬೇಕಾಯಿತು, ಯಾಕೆಂದರೆ ಹಿಂದಿನ ವರ್ಷ ಅದನ್ನು ಯಾರೂ ಮಾಡಿರಲಿಲ್ಲ. ಅವಳದೊಂದು ರೀತಿಯಿತ್ತು. ಛೇದ ಎನ್ನುತ್ತಿರಲಿಲ್ಲ, ಮನೆ ಎನ್ನುತ್ತಿದ್ದಳು. "ಆರರ ಮನೆಯವರು ಬೇರೆ, ನಾಲ್ಕರ ಮನೆಯವರು ಬೇರೆ. ಬೀದೀಲಿ ನಿಂತು ಕೂಡೋಕೂ ಆಗಲ್ಲ, ಕಳೆಯೋಕೂ ಆಗಲ್ಲ. ಮೊದಲು ಇಬ್ಬರೂ ಒಪ್ಪೋ ಮನೆ ಹುಡುಕಿ." ಪುಸ್ತಕದಲ್ಲಿ ಹಾಗಿಲ್ಲ. ಯಾವ ತರಬೇತಿಯಲ್ಲೂ ಹಾಗೆ ಹೇಳಿಕೊಟ್ಟಿಲ್ಲ. ಆರು ವರ್ಷದ ಹಿಂದೆ ಒಂದು ಸೆಕೆಯ ಮಧ್ಯಾಹ್ನ, ಎಷ್ಟು ಹೇಳಿದರೂ ಅರ್ಥವಾಗದ ಒಂದು ತರಗತಿಯ ಮುಂದೆ, ರೋಸಿಹೋಗಿ ಬಾಯಿಗೆ ಬಂದ ಮಾತು ಅದು. ನಿಂತುಬಿಟ್ಟಿತು.

ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಹನ್ನೊಂದು ಪಾಠಗಳಿದ್ದವು. ವಾರಕ್ಕೆ ಎರಡು ಪೀರಿಯಡ್ಡಿನಲ್ಲಿ ಅವಳು ಸಿ ವಿಭಾಗಕ್ಕೆ ಮುಗಿಸಿದ್ದು ನಾಲ್ಕು. ಮಿಕ್ಕ ಏಳು ಪಾಠಗಳ ಪ್ರಶ್ನೆಗಳಿಗೆ ಮಕ್ಕಳು ಹೂವಿನ ಚಿತ್ರ ಬಿಡಿಸಿ ಬಂದಿದ್ದರು. ಗುಮಾಸ್ತರು ವೇಳಾಪಟ್ಟಿ ನೋಡಿಕೊಂಡು, ಅಲ್ಲಿ ಕೆಂಪು ಶಾಯಿಯಲ್ಲಿದ್ದ ಹೆಸರನ್ನು ಕಂಪ್ಯೂಟರಿಗೆ ತುಂಬಿದ್ದರು. ಒಂದು ವಿಭಾಗಕ್ಕೆ ಒಂದೇ ಹೆಸರು ಹಿಡಿಯುತ್ತದಂತೆ. ಎರಡು ಪೀರಿಯಡ್ಡಾದರೇನು, ಆರಾದರೇನು, ನಲವತ್ತಮೂರು ಮಕ್ಕಳೂ ಅವಳ ತಲೆಗೆ ಬಿದ್ದರು.

"ನಾನು ಬರೀದೇ ಇದ್ದಿದ್ರೆ?" ಎಂದು ಕೇಳಿದಳು.

"ಬರೀದೇ ಇದ್ದಿದ್ರೆ ಖಾಲಿ ಅಂತ ಹಾಕ್ತಿದ್ದೆ," ಎಂದರು ಗುಮಾಸ್ತರು. "ಕಂಪ್ಯೂಟರು ಖಾಲಿ ಬಿಟ್ರೆ ತಗೊಳಲ್ಲ ಮೇಡಂ, ಖಾಲಿ ಅಂತ ಬರೆದ್ರೆ ತಗೊಳುತ್ತೆ. ಎಲ್ಲಾ ಶಾಲೆಯವರೂ ಹಾಗೇ ಮಾಡೋದು. ಬನ್ನಿ, ನೋಡಿ ಬೇಕಾದ್ರೆ."

ಪರದೆಯ ಮೇಲೆ ಶಿಕ್ಷಕರ ಪಟ್ಟಿ ಇತ್ತು. ಅದರಲ್ಲಿ, ಖ ಅಕ್ಷರದ ಕೆಳಗೆ, ಒಂದು ಸಾಲು. ಹೆಸರು: ಖಾಲಿ. ಕೆಲಸ ಮಾಡುತ್ತಿರುವ ಶಾಲೆಗಳು: ನೂರ ಅರವತ್ತಮೂರು. ಪರಿಣಾಮ ಸೂಚ್ಯಂಕ: ಐವತ್ತು. ಷರಾ: ತೃಪ್ತಿಕರ.

"ಇದು ಹೇಗ್ರೀ ಐವತ್ತು?"

"ಸರಿಯಾದ ದಾಖಲೆ ಸಿಗದ ಕಡೆ ಯಂತ್ರ ತಾನೇ ಸರಾಸರಿ ಹಾಕ್ಕೊಳುತ್ತೆ. ಖಾಲಿಗೆ ಯಾವ ದಾಖಲೆನೂ ಇಲ್ಲವಲ್ಲ, ಹಾಗಾಗಿ ಯಾವಾಗಲೂ ಸರಾಸರಿ. ನಿಮಗಿಂತ ಹತ್ತೊಂಬತ್ತು ಜಾಸ್ತಿ." ನಗಬಾರದೆಂದು ತಡೆದುಕೊಂಡು ಗುಮಾಸ್ತರು ಕೆಮ್ಮಿದರು. "ರಜೆ ಕೇಳಲ್ಲ, ವರ್ಗಾವಣೆ ಕೇಳಲ್ಲ, ಬಿಟ್ಟೂ ಹೋಗಲ್ಲ. ಇಡೀ ಇಲಾಖೇಲಿ ಅಷ್ಟು ನಿಯತ್ತಿನ ಟೀಚರು ಇನ್ನೊಬ್ಬರಿಲ್ಲ."

ಅವಳಿಗೆ ಗುಮಾಸ್ತರ ಕಂಪ್ಯೂಟರನ್ನು ಎತ್ತಿ ಕಿಟಕಿಯಿಂದಾಚೆ ಎಸೆಯಬೇಕೆನ್ನಿಸಿತು.

ಹೆಡ್‌ಮೇಡಂ ಡ್ರಾಯರಿನಿಂದ ಇನ್ನೊಂದು ಕಾಗದ ತೆಗೆದರು. ಘೋಷಣೆಯ ಅರ್ಜಿ. 'ಈ ವಿಭಾಗಕ್ಕೆ ನಾನು ಪಾಠ ಮಾಡಿದ್ದೇನೆ', ಎದುರಿಗೆ ಎರಡು ಚೌಕಗಳು, ಹೌದು, ಇಲ್ಲ. "ಇಲ್ಲ ಅನ್ನೋದಕ್ಕೆ ಗುರುತು ಹಾಕಿ ಸಹಿ ಮಾಡು. ಸಿ ವಿಭಾಗ ನಿನ್ನ ಹೆಸರಿನಿಂದ ಹೋಗುತ್ತೆ. ಐವತ್ತೆರಡು ಬರುತ್ತೆ. ಮುಗೀತು."

"ವಾರಕ್ಕೆ ಎರಡು ಪೀರಿಯಡ್ಡು ಮಾಡಿದ್ದೀನಿ ಅಂತ ಬರೆದ್ರೆ?"

"ಅದಕ್ಕೆ ಚೌಕ ಎಲ್ಲಿದೆ ತೋರ್ಸು."

*

ಅವಳ ಅತ್ತೆ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ನಲವತ್ತು ವರ್ಷ ಬೇರೆಯವರ ಮೈಯಳತೆ ತೆಗೆದು ತೆಗೆದು, ಬಾಗಿಲಲ್ಲಿ ನಿಂತವರನ್ನು ನೋಡಿಯೇ ಭುಜ ಎಷ್ಟು, ತೋಳು ಎಷ್ಟು ಎಂದು ಹೇಳಿಬಿಡುತ್ತಿದ್ದರು. ಆ ಸಂಜೆ ಸೊಸೆ ಚಪ್ಪಲಿ ಬಿಟ್ಟ ಸದ್ದಿನಲ್ಲೇ ಏನೋ ಎಡವಟ್ಟಾಗಿದೆ ಎಂದು ತಿಳಿದು ಯಂತ್ರ ನಿಲ್ಲಿಸಿದರು. ಎಲ್ಲ ಕೇಳಿದ ಮೇಲೆ ಹಲ್ಲಿನಲ್ಲಿ ಕಚ್ಚಿದ್ದ ದಾರವನ್ನು ತುಂಡರಿಸಿದರು.

"ನಮ್ಮ ಕಸುಬಿನಲ್ಲಿ ಅಳತೆ ತಪ್ಪಿದ್ರೆ ಬಟ್ಟೆ ಬಿಚ್ಚಿ ಮತ್ತೆ ಹೊಲೀತಿದ್ವಿ ಕಣೇ. ನಿಮ್ಮೋರು ಮೈಯನ್ನೇ ಕತ್ತರಿಸ್ತಾರಲ್ಲ."

"ಸಹಿ ಹಾಕ್ಲಾ ಬೇಡ್ವಾ ಹೇಳಿ ಅತ್ತೆ."

"ನೀನು ಕೆಲಸ ಬಿಟ್ಟು ಮನೇಲಿ ಕೂತರೆ ಒಂದೇ ವಾರಕ್ಕೆ ನನಗೆ ಹುಚ್ಚು ಹಿಡಿಯುತ್ತೆ. ಅಷ್ಟು ಹೇಳಬಲ್ಲೆ."

ಅವಳೂ ಅದನ್ನೇ ಯೋಚಿಸಿದ್ದಳು. ಪಾಠ ಮಾಡುವುದನ್ನು ಬಿಟ್ಟರೆ ತನಗೆ ಏನು ಗೊತ್ತು? ಬಾಗಿಲು ಮುಚ್ಚಿ, ನಲವತ್ತು ಮುಖಗಳ ಕಡೆ ತಿರುಗಿ, ಸೀಮೆಸುಣ್ಣ ಹಿಡಿದಾಗ ಮಾತ್ರ ತಲೆಯೊಳಗಿನ ಗಲಾಟೆ ನಿಲ್ಲುತ್ತಿತ್ತು. ಎ ಮತ್ತು ಬಿ ವಿಭಾಗದ ಎಂಬತ್ತೆಂಟು ಮಕ್ಕಳಿದ್ದರು. ಅವಳು ಹೋದರೆ ಅವರ ಪಟ್ಟಿಯಲ್ಲಿ ಯಾರ ಹೆಸರು ಬರುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಹೀಗೆ ಲೆಕ್ಕ ಹಾಕಿ ಹಾಕಿ, ಒಂದು ಸುಳ್ಳಿನಿಂದ ಎಂಬತ್ತೆಂಟು ಮಕ್ಕಳು ಉಳಿಯುತ್ತಾರೆ ಎಂದು ತನಗೆ ತಾನೇ ಒಪ್ಪಿಸಿಕೊಂಡಳು. ಬೆಳಿಗ್ಗೆ ಇಲ್ಲ ಎನ್ನುವ ಚೌಕದಲ್ಲಿ ಗುರುತು ಹಾಕಿದಳು. ಪೆನ್ನು ಕಾಗದವನ್ನು ಹರಿದು ಕೆಳಗಿನ ಹಾಳೆಗೂ ಇಳಿಯಿತು.

*

ಅರ್ಜಿ ಹೋದ ಒಂಬತ್ತನೇ ದಿನಕ್ಕೆ ಪರಿಶೀಲನೆಗೆ ಬರುತ್ತೇವೆಂದು ಪತ್ರ ಬಂತು. ಬರುವವನು ಅಳತೆಪಟ್ಟಿ. ಸೂಚ್ಯಂಕ ವಿಭಾಗದ ಅಧಿಕಾರಿಗೆ ಶಾಲೆಗಳವರೆಲ್ಲ ಸೇರಿ ಇಟ್ಟ ಹೆಸರದು.

ಹೆಡ್‌ಮೇಡಂ ಬಾಗಿಲು ಮುಚ್ಚಿ ಮೆಲ್ಲಗೆ ಹೇಳಿದರು, "ಸಿ ಮಕ್ಕಳ ನೋಟ್‌ಬುಕ್ಕಿನಲ್ಲೆಲ್ಲ ನಿನ್ನ ಕೆಂಪು ಸಹಿ ಇದೆ. ಅವು ಅವನ ಕಣ್ಣಿಗೆ ಬೀಳಬಾರದು. ಗೋಡೆಯ ಪಟ್ಟೀಲಿ ನಿನ್ನ ಹೆಸರು ತೆಗೆಸಿ ಮತ್ತೆ ಖಾಲಿ ಅಂತ ಹಾಕಿಸಿದ್ದೀನಿ. ಆಮೇಲೆ ಮಕ್ಕಳಿಗೂ ಒಂದು ಮಾತು ಹೇಳಿಡು. ಯಾರು ಪಾಠ ಮಾಡ್ತಾರೆ ಅಂತ ಕೇಳಿದ್ರೆ ನಿನ್ನ ಹೆಸರು ಬರಬಾರದು."

"ಮಕ್ಕಳಿಗೆ ನಾನು ಹೇಳಲಾ? ಸುಳ್ಳು ಹೇಳಿ ಅಂತ?"

"ಬೇರೆ ಯಾರು ಹೇಳಿದ್ರೂ ಅವು ಕೇಳಲ್ಲಮ್ಮಾ. ನೀನು ಹೇಳಿದ್ರೆ ಕೇಳ್ತಾವೆ."

ಹೊಗಳಿಕೆಯ ಹಾಗೆ ಹೇಳಿದ ಆ ಮಾತು ಕಪಾಳಕ್ಕೆ ಬಾರಿಸಿದ ಹಾಗಿತ್ತು.

ಗುರುವಾರ ನೋಟ್‌ಬುಕ್ಕುಗಳನ್ನು ಒಟ್ಟುಮಾಡಿದಳು. ತಿದ್ದುವುದಕ್ಕೆಂದು ತಿಳಿದು ಮಕ್ಕಳು ಓಡೋಡಿ ತಂದು ಮೇಜಿನ ಮೇಲೆ ಪೇರಿಸಿದರು. ಒಬ್ಬ ತನ್ನದನ್ನು ಎಲ್ಲಕ್ಕಿಂತ ಮೇಲೆ ಇಡಬೇಕೆಂದು ಜಗಳಕ್ಕೆ ಬಿದ್ದ. ಆಮೇಲೆ ಅವಳು ಸೆರಗು ಸರಿಮಾಡಿಕೊಂಡು, ಕಿಟಕಿಯ ಕಡೆ ನೋಡುತ್ತ ಹೇಳಿದಳು.

"ನಾಳೆ ಒಬ್ಬರು ಸಾಹೇಬ್ರು ಬರ್ತಾರೆ. ನಿಮಗೆ ಲೆಕ್ಕ ಯಾರು ಹೇಳಿಕೊಡ್ತಾರೆ ಅಂತ ಕೇಳ್ತಾರೆ."

"ನೀವು!" ಎಂದು ನಾಲ್ಕೈದು ಗಂಟಲುಗಳು ಕೂಗಿದವು.

"ಅಲ್ಲ. ಪಟ್ಟೀಲಿ ಏನಿದೆಯೋ ಅದನ್ನ ಹೇಳಬೇಕು. ಖಾಲಿ ಅಂತ."

ಯಾರೋ ಕಿಸಕ್ಕನೆ ನಕ್ಕರು, ನಗು ಬೆಂಚಿನಿಂದ ಬೆಂಚಿಗೆ ಹರಿಯಿತು. ಅವರಿಗೆ ಅದೊಂದು ಆಟ. ಉರಿ ಮಿಸ್ ತಮ್ಮ ಜೊತೆ ಸೇರಿಕೊಂಡು ಯಾರನ್ನೋ ಏಮಾರಿಸುವುದೆಂದರೆ! ಅವಳು ಕೇಳಿದಳು, ಅವರು ಹೇಳಿದರು. ಇನ್ನೊಮ್ಮೆ ಕೇಳಿದಳು. "ಖಾಲಿ ಮಿಸ್!" ಮಗ್ಗಿ ಒಪ್ಪಿಸಿದಷ್ಟು ಚೊಕ್ಕವಾಗಿ. ಎರಡು ಜಡೆಯ ಹುಡುಗಿ ಮಾತ್ರ ಬಾಯಿ ತೆರೆದಿರಲಿಲ್ಲ. ಮಿಸ್ ಅವಳ ಕಡೆ ನೋಡಿದಾಗ ಅವಳೂ ಹೇಳಿದಳು, ತುಟಿ ಮಾತ್ರ ಅಲ್ಲಾಡಿಸಿ.

ಅಷ್ಟೂ ಪುಸ್ತಕಗಳನ್ನು ಹೊತ್ತು ಹೆಡ್‌ಮೇಡಂ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕುವಾಗ ಅವಳಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಅಳತೆಪಟ್ಟಿಯ ಮೇಲೆ, ಗುಮಾಸ್ತರ ಮೇಲೆ, ಡಬ್ಬಿ ಬಿಟ್ಟು ಓಡಿದವಳ ಮೇಲೆ, ಎಲ್ಲರ ಮೇಲೂ ಒಂದೊಂದು ಸುತ್ತು ಹೋಗಿ ಅದು ತಿರುಗಿ ಅವಳ ಬಳಿಗೇ ಬಂತು.

*

ಅಳತೆಪಟ್ಟಿ ಸಭ್ಯ ಮನುಷ್ಯ. ಮೂವತ್ತು ದಾಟಿರಲಿಲ್ಲ. ಕೊಡೆಯನ್ನು ಬಾಗಿಲ ಹೊರಗೇ ಇಟ್ಟ, ಆಯಾ ನೀರು ಕೊಟ್ಟಾಗ ಎದ್ದು ನಿಂತು ತೆಗೆದುಕೊಂಡ. ಕೂಗಾಡುವವನಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಏಳನೇ ಸಿ ತರಗತಿಗೆ ಮೂವರೂ ಒಟ್ಟಿಗೆ ಹೋದರು. ಅವಳು ಹಿಂದಿನ ಗೋಡೆಗೆ ಒರಗಿ ನಿಂತಳು, ಪಕ್ಕದಲ್ಲಿ ಹೆಡ್‌ಮೇಡಂ.

"ಮಕ್ಕಳೇ, ನಿಮಗೆ ಗಣಿತ ಯಾರು ಹೇಳಿಕೊಡ್ತಾರೆ?"

"ಖಾಲಿ ಮಿಸ್!"

ಅವನು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಅರ್ಥವಾಗಿ ನಕ್ಕ. ಕೈಯಲ್ಲಿದ್ದ ಹಲಗೆಗೆ ಸಿಕ್ಕಿಸಿದ್ದ ನಮೂನೆಯಲ್ಲಿ ಏನೋ ಗುರುತು ಹಾಕಿದ. ಹೆಡ್‌ಮೇಡಂ ಉಸಿರು ಬಿಟ್ಟರು. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅವನಿಗೆ ಮಕ್ಕಳ ನಗು ಹಿತವೆನ್ನಿಸಿರಬೇಕು.

"ಸರಿ ಹಾಗಾದ್ರೆ, ಖಾಲಿ ಮಿಸ್ ಏನು ಕಲಿಸಿದ್ದಾರೆ ನೋಡೋಣ." ಬೋರ್ಡಿನ ಮೇಲೆ ಬರೆದ: ಆರರಲ್ಲಿ ಐದು, ಕಳೆ, ನಾಲ್ಕರಲ್ಲಿ ಮೂರು. "ಯಾರು ಮಾಡ್ತೀರಿ?"

ಕೈಗಳು ಎದ್ದವು. ಒಂದೆರಡಲ್ಲ, ಹದಿನೈದು ಇಪ್ಪತ್ತು. ಹಿಂದೆ ನಿಂತವಳು, ಕೈ ಇಳಿಸಿ, ಇಳಿಸ್ರೋ ಎಂದು ಮನಸ್ಸಿನಲ್ಲೇ ಕೂಗಿದಳು. ಅವನು ಎರಡು ಜಡೆಯ ಹುಡುಗಿಯನ್ನು ಕರೆದ.

ಹುಡುಗಿ ತಡಮಾಡಲಿಲ್ಲ. ಹನ್ನೆರಡರಲ್ಲಿ ಹತ್ತು, ಹನ್ನೆರಡರಲ್ಲಿ ಒಂಬತ್ತು, ಉತ್ತರ ಹನ್ನೆರಡರಲ್ಲಿ ಒಂದು. ಅಡಿಗೆರೆ ಎಳೆದು ಪಕ್ಕಕ್ಕೆ ಸರಿದು ನಿಂತಳು.

"ಭಲೇ! ಈ ಹನ್ನೆರಡು ಎಲ್ಲಿಂದ ಬಂತು?"

"ಆರಕ್ಕೂ ನಾಲ್ಕಕ್ಕೂ ಒಪ್ಪೋ ಮನೆ ಸಾರ್ ಅದು. ಬೇರೆ ಬೇರೆ ಮನೆಯವರನ್ನ ಬೀದೀಲಿ ನಿಂತು ಕಳೆಯೋಕಾಗಲ್ಲ. ಮೊದಲು ಒಂದೇ ಮನೆಗೆ ಕರ್ಕೊಂಡು ಬರಬೇಕು."

ಅವನು ಸೀಮೆಸುಣ್ಣ ಕೆಳಗಿಟ್ಟ. "ಇದನ್ನ ಯಾರಮ್ಮಾ ಹೇಳಿಕೊಟ್ಟಿದ್ದು?"

ಹುಡುಗಿಯ ಕಣ್ಣು ಹಿಂದಿನ ಗೋಡೆಗೆ ಬಂದು, ಅಲ್ಲಿ ಒಂದು ಗಳಿಗೆ ನಿಂತು, ಮತ್ತೆ ನೆಲಕ್ಕಿಳಿಯಿತು.

"ಯಾರೂ ಇಲ್ಲ ಸಾರ್."

"ಕೇಳಿದ್ರಾ ಮೇಡಂ?" ಅವನು ಹೆಡ್‌ಮೇಡಂ ಕಡೆ ತಿರುಗಿದ. ಮುಖ ಅರಳಿತ್ತು. ಅದರಲ್ಲಿ ಕಪಟವಿರಲಿಲ್ಲ, ನಿಜವಾದ ಸಂತೋಷ. "ಯಾರೂ ಇಲ್ಲದೇ ಇಷ್ಟು ಕಲಿತಿದ್ದಾರೆ! ಸ್ವಯಂಕಲಿಕೆ ಅಂದ್ರೆ ಇದೇ. ಇದನ್ನ ವರದೀಲಿ ವಿಶೇಷವಾಗಿ ಬರೀತೀನಿ. ಈ ವಿಭಾಗಕ್ಕೆ ಒಂದು ಹುದ್ದೆ ಬೇಕು ಅಂತ ಕೇಳಿದ್ರಲ್ಲ, ಅದನ್ನ ಹೆಚ್ಚು ಅಗತ್ಯ ಇರೋ ಕಡೆ ಕೊಡಬಹುದು ಅನ್ಸುತ್ತೆ. ಇಲ್ಲಿ ಚೆನ್ನಾಗೇ ನಡೀತಿದೆ."

"ನಾನು."

ಹೆಡ್‌ಮೇಡಂ ಅವಳ ಮೊಣಕೈ ಹಿಡಿದರು. ಅವಳು ಕೊಡವಿಕೊಂಡಳು.

"ನಾನು ಹೇಳಿಕೊಟ್ಟಿದ್ದು. ಯಾರೂ ಇಲ್ಲ ಅಂದ್ರೆ ಯಾರೂ ಇಲ್ದೇ ಬರುತ್ತೇನ್ರೀ ಅದು? ಮನೆ ಅನ್ನೋ ಮಾತು ನಿಮ್ಮ ಯಾವ ಪುಸ್ತಕದಲ್ಲಿದೆ ತೋರ್ಸಿ! ಮಂಗಳವಾರ ಒಂದು, ಗುರುವಾರ ಒಂದು. ಜೂನ್ ತಿಂಗಳಿಂದ. ನನ್ನ ಬಿಡುವಿನ ಪೀರಿಯಡ್ಡು, ನನ್ನ ಗಂಟಲು!"

ಉರಿ ಮಿಸ್ ಕೂಗುವುದು ಮಕ್ಕಳಿಗೆ ಹೊಸದಲ್ಲ. ಸಾಹೇಬರ ಮೇಲೆ ಕೂಗುವುದು ಹೊಸದು.

ಅವನು ನಮೂನೆಯ ಹಾಳೆ ತಿರುವಿದ. "ಮೇಡಂ, ಪಾಠ ಮಾಡಿಲ್ಲ ಅಂತ ನೀವೇ ಸಹಿ ಹಾಕಿದ್ದೀರಿ."

"ಸುಳ್ಳು ಸಹಿ ಅದು."

"ಹಾಗಂದ್ರೆ..." ಅವನ ದನಿ ತಗ್ಗಿತು, ನಿಜವಾಗಿಯೂ ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದಾನೆ ಎನ್ನುವ ಹಾಗೆ. "ಮೂವತ್ತೊಂದೇ ಉಳಿಯುತ್ತೆ. ಮರುತರಬೇತಿ ಆದೇಶ ಬರುತ್ತೆ. ಅದರ ಮೇಲೆ ಸುಳ್ಳು ಘೋಷಣೆ ಬೇರೆ. ಇನ್ನೊಂದು ಸಲ ಯೋಚನೆ ಮಾಡಿ. ನಾನು ಕೇಳಿಸಿಕೊಂಡಿಲ್ಲ ಅಂದ್ಕೋತೀನಿ."

"ಕೇಳಿಸಿಕೊಳ್ಳಿ. ಕೇಳಿಸಿಕೊಂಡು ಬರ್ಕೊಳ್ಳಿ. ವಾರಕ್ಕೆ ಆರು ಪೀರಿಯಡ್ಡು, ಎರಡರಲ್ಲಿ ನಾನಿದ್ದೆ, ನಾಲ್ಕರಲ್ಲಿ ಯಾರೂ ಇರಲಿಲ್ಲ. ಎರಡರಲ್ಲಿ ಇಷ್ಟು ಬಂದಿದೆ. ಈ ವಿಭಾಗಕ್ಕೆ ಟೀಚರು ಬೇಕು. ಬರೀರಿ."

"ಅದಕ್ಕೆ ಇದರಲ್ಲಿ ಜಾಗ ಇಲ್ಲ ಮೇಡಂ."

"ಅಂಚಿನಲ್ಲಿ ಬರೀರಿ!"

ಅವನು ಹೆಡ್‌ಮೇಡಂ ಮುಖ ನೋಡಿದ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಕಡೆಗೆ ಅವನು ಹಲಗೆಯನ್ನು ಅಡ್ಡ ತಿರುಗಿಸಿ ನಮೂನೆಯ ಅಂಚಿನ ಬಿಳಿ ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದ. ಅವಳು ಹತ್ತಿರ ಹೋಗಿ, ಅವನ ಭುಜದ ಮೇಲಿಂದ ಬಗ್ಗಿ, ಹೋಂವರ್ಕ್ ನೋಡುವ ಹಾಗೆ ಓದಿದಳು. "ಪೀರಿಯಡ್ಡು ಎಷ್ಟು ಅನ್ನೋದು ಬಿಟ್ಟಿದ್ದೀರಿ. ಹಾಕಿ," ಎಂದಳು. ಹಾಕಿದ.

"ಇದನ್ನ ಯಾರೂ ಓದಲ್ಲ ಮೇಡಂ," ಎಂದ, ಪೆನ್ನಿಗೆ ಮುಚ್ಚಳ ಹಾಕುತ್ತ. "ಯಂತ್ರ ಅಂಚು ಓದಲ್ಲ."

"ಗೊತ್ತು. ನಿಮಗಂತೂ ಇನ್ಮೇಲೆ ಗೊತ್ತಿಲ್ಲ ಅನ್ನೋಕಾಗಲ್ಲ."

ಹೊರಗೆ ಹೋಗುವಾಗ ಹೆಡ್‌ಮೇಡಂ ಬಾಗಿಲಲ್ಲಿ ಒಂದು ಕ್ಷಣ ನಿಂತರು. "ಹಾಳು ಮಾಡ್ಕೊಂಡ್ಯಲ್ಲೇ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ಅವಳಿಗೆ ಇನ್ನೂ ಸಿಟ್ಟು ಬಂತು. ಬಾಗಿಲು ಮುಚ್ಚಿದಳು.

ನಲವತ್ತಮೂರು ಮಕ್ಕಳು. ಎರಡು ಜಡೆಯ ಹುಡುಗಿ ಇನ್ನೂ ಬೋರ್ಡಿನ ಪಕ್ಕದಲ್ಲೇ ನಿಂತಿದ್ದಳು, ಕೂರು ಎಂದು ಯಾರೂ ಹೇಳದ ಕಾರಣ.

"ಮಿಸ್, ನಾನು ತಪ್ಪು ಹೇಳಿದ್ನಾ?"

ಅವಳು ಬೋರ್ಡಿನ ಹತ್ತಿರ ಹೋಗಿ ಹುಡುಗಿಯ ಪಕ್ಕ ನಿಂತಳು.

"ಲೆಕ್ಕ ಸರಿ ಇತ್ತು. ಆಮೇಲೆ ಹೇಳಿದ್ದು ಸುಳ್ಳು. ಆ ಸುಳ್ಳು ನಿಂದಲ್ಲ, ನಂದು. ನಿಮ್ಮೆಲ್ಲರ ಬಾಯಲ್ಲಿ ಹೇಳಿಸಿದೆ. ಹೇಳಿಸಬಾರದಿತ್ತು. ಹೋಗು, ಕೂತ್ಕೋ."

ದೊಡ್ಡವರು ಹೀಗೆ ಮಾತಾಡಿದ್ದನ್ನು ಅವರು ಎಂದೂ ಕೇಳಿರಲಿಲ್ಲ. ಎತ್ತ ನೋಡಬೇಕೆಂದು ತಿಳಿಯದೆ ಡೆಸ್ಕು ನೋಡಿದರು. ಕೊನೆಗೆ ಹಿಂದಿನ ಬೆಂಚಿನಿಂದ ಒಂದು ದನಿ ಬಂತು.

"ಮಿಸ್, ಮಂಗಳವಾರ ಬರ್ತೀರಾ?"

"ಆದೇಶ ಕೈಗೆ ಬರೋತನಕ ಬರ್ತೀನಿ. ಆಮೇಲಿಂದು ಗೊತ್ತಿಲ್ಲ. ಈಗ ಹರಟೆ ಸಾಕು, ಇನ್ನೂ ಇಪ್ಪತ್ತು ನಿಮಿಷ ಇದೆ. ಐದನೇ ಪಾಠ ತೆಗೀರಿ."

ಹುಡುಗಿ ಮಾಡಿದ ಲೆಕ್ಕವನ್ನು ಒರೆಸದೆ ಅದರ ಪಕ್ಕದಲ್ಲೇ ಹೊಸದನ್ನು ಬರೆಯತೊಡಗಿದಳು. ಸಿಟ್ಟಿನಲ್ಲಿ ಬರೆದ ಅಂಕಿಗಳು ಎಷ್ಟು ದೊಡ್ಡದಾಗಿ ಬಿದ್ದವೆಂದರೆ ಮೂರನೇ ಸಾಲಿಗೇ ಬೋರ್ಡು ತುಂಬಿತು.